ಅಪ್‌ಡೇಟ್: 31 ವಾರಕ್ಕೇ ಹುಟ್ಟಿದ ಮಗಳು, ನಮ್ಮಿಬ್ಬರ ಜಗಳ

ಮಗಳು ಎನ್‌ಐಸಿಯುನಲ್ಲಿದ್ದಾಳೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ನಾವಿಬ್ಬರು ಮಾತಾಡಿದರೆ ಜಗಳ, ಇಲ್ಲಾಂದ್ರೆ ಬಿಲ್ಲಿನ ಲೆಕ್ಕ ಏನು ಮಾಡಲಿ ಅಂತ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ನಾನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ನಮ್ಮ ಮನೆಯವರು ಧಾರವಾಡದಿಂದ ಓಡಾಟ.

ನೀವೆಲ್ಲ ಕೊಟ್ಟ ಸಲಹೆಗಳಲ್ಲಿ ಕೈ ಹಿಡಿದದ್ದು ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟುಕೊಳ್ಳೋದು. ಅದು ತಾಯಿಗಷ್ಟೇ ಅಂದುಕೊಂಡಿದ್ದೆ. ನರ್ಸ್ "ಅಪ್ಪಾನೂ ಮಾಡಬಹುದ್ರಿ" ಅಂದರು. (ಇನ್‌ಕ್ಯುಬೇಟರ್ ಸಾಲದೆ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದಂತೆ ಇದು!) ನಮ್ಮ ಮನೆಯವರು ಅಂಗಿ ಬಿಚ್ಚಿ, ಮಗುವನ್ನು ಎದೆಗವಚಿಕೊಂಡು ಒಂದು ತಾಸು ಕೂತರು. ಹೊರಗೆ ಬಂದವರೇ ಅತ್ತುಬಿಟ್ಟರು. "ಮುಟ್ಟಿದ್ರ ಏನಾಗ್ತದೋ ಅಂತ ಹೆದರಿದ್ದೆ" ಅಂದರು. ಅದನ್ನೇ ನಾನು ಇಷ್ಟು ದಿನ ಉದಾಸೀನ ಅಂದುಕೊಂಡಿದ್ದೆ. ನನ್ನಿಂದಲೇ ಹೀಗಾಯಿತು ಅನ್ನೋ ನನ್ನ ಕೊರಗನ್ನೂ ಆವತ್ತೇ ಹೇಳಿದೆ.

"ಇಬ್ಬರೇ ಸುತ್ತಾಡಿ ಬನ್ನಿ" ಅನ್ನೋ ಸಲಹೆ ನಡೆಯಲಿಲ್ಲ. ಉಣಕಲ್ ಕೆರೆಗೆ ಹೋಗಿ ಹತ್ತೇ ನಿಮಿಷಕ್ಕೆ ವಾಪಸ್, ಎದೆಹಾಲು ತೆಗೆದಿಡುವ ಹೊತ್ತಾಗಿತ್ತು. ಹಿರಿಯರನ್ನು ಕೂರಿಸಿ ಮಾತಾಡಿದ್ದಂತೂ ಇನ್ನೂ ಗದ್ದಲ.

ಮಗಳು ಮನೆಗೆ ಬಂದು ಐದು ದಿನ. ತೂಕ 1 ಕೆಜಿ 900 ಗ್ರಾಂ. ಇಂಥ ಮಕ್ಕಳ ಬೆಳವಣಿಗೆಯನ್ನು ಹುಟ್ಟಬೇಕಿದ್ದ ದಿನದಿಂದ ಲೆಕ್ಕ ಹಾಕಬೇಕಂತೆ. ಹಾಗಾಗಿ ಪಕ್ಕದ ಮನೆ ಕೂಸಿನ ಜೊತೆ ಹೋಲಿಸೋದು ಬಿಟ್ಟೆವು. ಜಗಳ ಪೂರ್ತಿ ನಿಂತಿಲ್ಲ. ಈಗ ರಾತ್ರಿ ಯಾರು ಏಳಬೇಕು ಅಂತ ಅಷ್ಟೇ.