ಹೈಕ್ರಾಸ್ ಹೈಬ್ರಿಡ್: ವಿಎಕ್ಸ್ ಸಾಕೇ, ಝಡ್‌ಎಕ್ಸ್ (ಒ) ಬೇಕೇ?

ಪ್ರಶ್ನೆ: ಅಪ್ಪ, ಅಮ್ಮ, ಅಣ್ಣನ ಸಂಸಾರ ಸೇರಿ ನಾವು ಎಂಟು ಜನರಿದ್ದು, ತಿಂಗಳಿಗೊಮ್ಮೆ ಮೈಸೂರಿನಿಂದ ಮಡಿಕೇರಿಗೆ ಹೋಗಿಬರುತ್ತೇವೆ. ಟೊಯೋಟಾದ ಇನ್ನೋವಾ ಹೈಕ್ರಾಸ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಕಾರು) ಎಂಬುದು ನಿಶ್ಚಯವಾಗಿದೆ. ವೇರಿಯಂಟ್ ಯಾವುದು, ಕಡಿಮೆ ಬೆಲೆಯ ವಿಎಕ್ಸೋ ಹೆಚ್ಚು ಬೆಲೆಯ ಝಡ್‌ಎಕ್ಸ್ (ಒ)ವೋ ಎಂಬಲ್ಲಿ ಮಾತು ನಿಂತಿದೆ. ಹೆಚ್ಚು ಹಣ ಕೊಟ್ಟರೆ ಮೈಲೇಜ್ ಹೆಚ್ಚುವುದೇ?

ಉತ್ತರ 1: ಇಲ್ಲ. ಎರಡರಲ್ಲೂ ಅದೇ 2 ಲೀಟರ್ ಪೆಟ್ರೋಲ್ ಎಂಜಿನ್, ಅದೇ ಮೋಟಾರ್, ಅದೇ ಬ್ಯಾಟರಿ. ಬರಿಯ ಝಡ್‌ಎಕ್ಸ್ ಆಗಲಿ, ಝಡ್‌ಎಕ್ಸ್ (ಒ) ಆಗಲಿ, ನಡುಸಾಲಿನಲ್ಲಿ ಎರಡು ಬಿಡಿ ಕುರ್ಚಿಗಳಿರುವುದರಿಂದ ಒಟ್ಟು ಏಳೇ ಆಸನ; ಎಂಟು ಬೇಕಾದರೆ ವಿಎಕ್ಸ್ ಕಡೆಗೇ ಬರಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18 ಇರುವುದರಿಂದ, ಬೆಲೆ ಒಂದು ಲಕ್ಷ ಏರಿದರೆ ತೆರಿಗೆಯೇ 18 ಸಾವಿರ ಏರುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉತ್ತರ 2: ಆದರೂ ತಂದೆಯವರಿಗೆ ಮಂಡಿನೋವಿದ್ದರೆ, ಗುಂಡಿ ಒತ್ತಿದೊಡನೆ ಕಾಲಿಗೆ ಆಸರೆ ಕೊಡುವ ಝಡ್‌ಎಕ್ಸ್‌ನ ಆ ಕುರ್ಚಿಯನ್ನು ಸುಮ್ಮನೆ ತಳ್ಳಿಹಾಕಬೇಡಿ. ಝಡ್‌ಎಕ್ಸ್ (ಒ)ದಲ್ಲಷ್ಟೇ ಬರುವ ಅಡಾಸ್ (ರಸ್ತೆಯ ಗೆರೆ, ಮುಂದಿನ ವಾಹನ ನೋಡಿ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಹೆದ್ದಾರಿಯಲ್ಲಿ ಉಪಯುಕ್ತವೇ ಹೊರತು, ಗೆರೆಯೇ ಅಳಿಸಿಹೋದ ಘಟ್ಟದ ತಿರುವಿನಲ್ಲಿ ಅದನ್ನು ನಂಬುವವನು ನಾನಲ್ಲ.

ಪ್ರಶ್ನಿಸಿದವರು: ನಿನ್ನೆ ಶೋರೂಮಿನಲ್ಲಿ ಅಮ್ಮನನ್ನು ಮೂರನೆಯ ಸಾಲಿಗೆ ಹತ್ತಿಸಿ ನೋಡಿದೆವು, ಸೀರೆ ಎತ್ತಿಕಟ್ಟಿ ಹತ್ತಿದವರು, "ಇಲ್ಲಿ ಮಕ್ಕಳೇ ಕೂರಲಿ" ಎಂದರು. ಎಂಟು ಆಸನದ ವಿಎಕ್ಸ್ ಬುಕ್ ಮಾಡಿದ್ದೇವೆ.