ಸಹಾಯ ಬೇಕು: ಹಾಸ್ಟೆಲ್‌ನ ಭಾನುವಾರದ ಕೂಟಕ್ಕೆ ಹಿರಿಯರ ಸಲಹೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ಮೊದಲ ವರ್ಷದಲ್ಲಿ ಓದುತ್ತಿದ್ದು, ಹಾಸ್ಟೆಲ್‌ನಲ್ಲಿದ್ದೇನೆ. ಶನಿವಾರ ಮಧ್ಯಾಹ್ನವಾಗುತ್ತಲೇ ಮಂಡ್ಯ, ಹಾಸನ, ಚಾಮರಾಜನಗರದ ಕಡೆಯವರು ಬ್ಯಾಗು ಹೆಗಲಿಗೇರಿಸಿ ಬಸ್ಸು ಹಿಡಿಯುತ್ತಾರೆ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದ ನಮ್ಮಂಥವರಿಗೆ ಊರಿಗೆ ಹೋಗಿಬರುವುದರಲ್ಲೇ ಎರಡು ರಾತ್ರಿ ಕಳೆಯುವುದರಿಂದ ಖಾಲಿ ಕಾರಿಡಾರಿನಲ್ಲೇ ಉಳಿಯುತ್ತೇವೆ.

ಹೀಗೆ ಉಳಿದವರು ಒಂದೆಡೆ ಸೇರಲೆಂದು ಕಳೆದ ತಿಂಗಳು ಭಾನುವಾರ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡಿ, ಆಮೇಲೆ ಕೂತು ಒಂದು ಕತೆಯನ್ನೋ ಕವಿತೆಯನ್ನೋ ಗಟ್ಟಿಯಾಗಿ ಓದುವ ಕೂಟವೊಂದನ್ನು ಆರಂಭಿಸಿದೆವು. ಮೊದಲ ವಾರ ಹದಿನಾಲ್ಕು ಜನ ಬಂದಿದ್ದರು, ಮೂರನೆಯ ವಾರ ನಾಲ್ಕೇ ಜನ. ಮೊದಲ ದಿನ ಅಷ್ಟು ಜನ ಸೇರಿದ್ದು ಕವಿತೆಗಲ್ಲ, ಗೆಳೆಯನೊಬ್ಬನ ಮನೆಯಿಂದ ಬಟ್ಟೆಯಲ್ಲಿ ಸುತ್ತಿ ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಎಂಬುದು ನನ್ನ ಗುಮಾನಿ. ಅದು ತಪ್ಪೆಂದೂ ನನಗನ್ನಿಸುವುದಿಲ್ಲ.

ಕುವೆಂಪು ಅವರು ಹೆಸರಿಟ್ಟ ಈ ಆವರಣದಲ್ಲಿ 1960ರಿಂದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಇದ್ದು ಹೋಗಿದ್ದಾರೆ. ಅವರಲ್ಲಿ ಈ ಗುಂಪಿನಲ್ಲಿರುವ ಹಿರಿಯರನ್ನು ಕೇಳುತ್ತಿದ್ದೇನೆ: ಇಂಥ ಕೂಟವನ್ನು ಪರೀಕ್ಷೆಯ ದಿನಗಳಲ್ಲೂ ನಿಲ್ಲದಂತೆ ನೀವು ನಡೆಸಿದ್ದು ಹೇಗೆ? ವಿಜ್ಞಾನ ವಿಭಾಗದವರನ್ನೂ ಕನ್ನಡ ಬಾರದ ಹೊರರಾಜ್ಯ, ವಿದೇಶಗಳ ವಿದ್ಯಾರ್ಥಿಗಳನ್ನೂ ಜೊತೆಗೆ ಸೇರಿಸಿಕೊಳ್ಳಲು ಓದಿನ ಬದಲು ಏನನ್ನು ಇಟ್ಟುಕೊಳ್ಳಬಹುದು? ಮಳೆಗಾಲದಲ್ಲಿ ಕೂರಲು ಒಂದು ಕೊಠಡಿ ಬೇಕಾಗಿದ್ದು, ಅನುಮತಿ ಕೋರುವ ಹಳೆಯ ಪತ್ರದ ನಮೂನೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಮೈಸೂರಿನಲ್ಲೇ ಇರುವವರು ಒಂದು ಭಾನುವಾರ ಬಂದು ನಮ್ಮೊಡನೆ ಕೂತರೆ ಇನ್ನೂ ಸಂತೋಷ. ರೊಟ್ಟಿಯ ಹೊಸ ಗಂಟು ಬರುವ ವಾರವನ್ನು ಮುಂಚಿತವಾಗಿ ತಿಳಿಸುತ್ತೇವೆ.