ಅಪ್ಪನನ್ನು ಡಬ್ಬು ಮಲಗಿಸಿದ್ದಾರೆ, ಇದು ಸರಿಯೇ?

ಚಿಂಚೋಳಿಯವ:
ಅಪ್ಪ ಕಲಬುರಗಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ವಯಸ್ಸು 58. ನ್ಯುಮೋನಿಯಾ ಎರಡೂ ಕಡೆ ಹಬ್ಬಿದೆ, ವೆಂಟಿಲೇಟರ್ ಹಾಕಿದ್ದಾರೆ. ನಿನ್ನೆ ರಾತ್ರಿ ಐದು ನಿಮಿಷ ಒಳಗೆ ಬಿಟ್ಟರು. ನೋಡಿದರೆ ಅಪ್ಪ ಡಬ್ಬು ಮಲಗಿದ್ದಾರೆ, ಹೊಟ್ಟೆ ಕೆಳಗೆ, ಬೆನ್ನು ಮೇಲೆ! ಮುಖ ಒಂದು ಕಡೆಗೆ, ಕಣ್ಣಿಗೆ ಪಟ್ಟಿ, ತುಟಿ ಊದಿದೆ. ಡಾಕ್ಟರು "ಪ್ರೋನಿಂಗ್ ಮಾಡಿದ್ದೀವಿ, ನಾಳೆ ಮಧ್ಯಾಹ್ನದವರೆಗೆ ಹೀಗೇ" ಅಂದು ಹೋದರು. ಸಹಿ ಹಾಕಿದ್ದು ನಾನೇ, ಆದರೆ ಆಗ ಏನೂ ತಲೆಗೆ ಹೋಗಿರಲಿಲ್ಲ. ಅವ್ವ ಕೇಳುತ್ತಿದ್ದಾಳೆ, "ಮೊದಲೇ ಉಸಿರಿಲ್ಲ, ಎದೆ ಮೇಲೆ ಭಾರ ಬಿದ್ದರೆ ಹೇಗೆ?" ಏನು ಹೇಳಲಿ?

ಐಸಿಯು ಅಕ್ಕ:
ಹನ್ನೊಂದು ವರ್ಷದಿಂದ ಐಸಿಯು ನರ್ಸ್, ನಾನೂ ಕಲಬುರಗಿಯವಳೇ. ಅವ್ವ ಕೇಳಿದ್ದು ಸರಿಯಾಗಿದೆ ತಮ್ಮಾ. ಆದರೆ ಶ್ವಾಸಕೋಶ ಜಾಸ್ತಿ ಇರುವುದು ಬೆನ್ನಿನ ಕಡೆ. ಒದ್ದೆ ಕೌದಿಯನ್ನು ಮಡಚಿ ಇಡು, ಕೆಳಗಿನ ಪದರ ಒತ್ತಿಹೋಗುತ್ತದೆ ಅಲ್ವಾ? ಬಾವು ಬಂದ ಶ್ವಾಸಕೋಶವೂ ಹಾಗೇ. ಅಂಗಾತ ಮಲಗಿದರೆ ಅದರದೇ ಭಾರ, ಮೇಲೆ ಹೃದಯ, ಹೊಟ್ಟೆ ಒತ್ತುವುದು ಬೇರೆ. ಬೆನ್ನಿನ ಕಡೆಯ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅಲ್ಲಿಗೇ ಜಾಸ್ತಿ ಹರಿಯುತ್ತದೆ, ಆಕ್ಸಿಜನ್ ಸಿಗದೆ ವಾಪಸ್ ಬರುತ್ತದೆ. ಡಬ್ಬು ಹಾಕಿದರೆ ಆ ಗೂಡುಗಳು ತೆರೆದುಕೊಳ್ಳುತ್ತವೆ. ವೆಂಟಿಲೇಟರಿನ ಗಾಳಿಯೂ ಒಂದೇ ಕಡೆ ನುಗ್ಗದೆ ಎಲ್ಲ ಕಡೆ ಹಂಚಿಹೋಗುತ್ತದೆ, ಶ್ವಾಸಕೋಶಕ್ಕೆ ಪೆಟ್ಟು ಕಡಿಮೆ.

ತಿರುಗಿಸೋದು ಸುಮ್ನೆ ಹೊರಳಿಸಿದ ಹಾಗಲ್ಲ. ನಮ್ಮಲ್ಲಿ ಐದು ಜನ ಬೇಕು. ತಲೆ ಹತ್ತಿರ ನಿಂತವರ ಕೈಯಲ್ಲಿ ಟ್ಯೂಬ್. ಅವರು "ಒಂದು, ಎರಡು, ಮೂರು" ಅನ್ನುವವರೆಗೆ ಉಳಿದವರು ಅಲುಗಾಡುವಂತಿಲ್ಲ. ಟ್ಯೂಬ್ ಹೊರಬಂದರೆ ಕಥೆ ಮುಗಿಯಿತು ಅಂತ ನನಗೆ ಈಗಲೂ ಕೈ ಬೆವರುತ್ತದೆ. ಆಮೇಲೆ ಎರಡು ಗಂಟೆಗೊಮ್ಮೆ ಮುಖ ಆಚೀಚೆ ಮಾಡುತ್ತೇವೆ, ಇಲ್ಲದಿದ್ದರೆ ಕೆನ್ನೆ, ಗದ್ದದಲ್ಲಿ ಹುಣ್ಣಾಗುತ್ತದೆ. ಊತ ಅಂಗಾತ ಹಾಕಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ.

ಹಳ್ಳಿಗುಬ್ಬಿ:
ಅಕ್ಕಾ, ಇದಕ್ಕೆ ಪುರಾವೆ ಇದೆಯಾ, ಅಥವಾ ಕೊರೋನಾದಲ್ಲಿ ಶುರುವಾಗಿದ್ದಾ?

ಐಸಿಯು ಅಕ್ಕ:
1970ರ ದಶಕದಿಂದಲೇ ಮಾಡುತ್ತಿದ್ದಾರೆ. ಎಲ್ಲರಿಗೂ ನಂಬಿಕೆ ಬಂದಿದ್ದು 2013ರಲ್ಲಿ, ಪ್ರೊಸೇವಾ ಅನ್ನುವ ಅಧ್ಯಯನದಿಂದ. ಫ್ರಾನ್ಸ್, ಸ್ಪೇನ್‌ನ ಐಸಿಯುಗಳಲ್ಲಿ 466 ಜನ, ಎಲ್ಲರೂ ತೀರಾ ಗಂಭೀರ. ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಹಾಕಿದವರಲ್ಲಿ 28 ದಿನದೊಳಗೆ ತೀರಿಕೊಂಡವರು ನೂರಕ್ಕೆ 16. ಅಂಗಾತ ಇದ್ದವರಲ್ಲಿ ಸುಮಾರು 33. ಅದಕ್ಕೇ ನಾಳೆ ಮಧ್ಯಾಹ್ನದವರೆಗೆ ಅಂದಿದ್ದು, ಒಂದೆರಡು ಗಂಟೆ ಸಾಲದು.

ಹಳ್ಳಿಗುಬ್ಬಿ:
ಹಾಗಾದರೆ ನಮ್ಮ ಕಾಕಾಗೆ ದಮ್ಮು ಬಂದಾಗ ಮನೆಯಲ್ಲೇ ಮಾಡಬಹುದಾ?

ಐಸಿಯು ಅಕ್ಕ:
ಬೇಡ ಮಾರಾಯಾ! ದಮ್ಮಿನವರಿಗೆ ಕೂತರೇ ಆರಾಮ. 2021ರಲ್ಲಿ ಸರ್ಕಾರ ಮನೆಯಲ್ಲಿ ಡಬ್ಬು ಮಲಗಿ ಅಂತ ಹೇಳಿದ್ದು ಕೊರೋನಾದವರಿಗೆ, ರಕ್ತದ ಆಕ್ಸಿಜನ್ 94ಕ್ಕಿಂತ ಇಳಿದಾಗ. ಕಾಕಾನನ್ನು ಡಾಕ್ಟರಿಗೆ ತೋರಿಸು.

ಚಿಂಚೋಳಿಯವ:
ಈಗ ಅಂಗಾತ ಹಾಕಿದ್ದಾರೆ. ಮಷೀನು ಕೊಡುವ ಗಾಳಿಯಲ್ಲಿ ಆಕ್ಸಿಜನ್ ನಿನ್ನೆ ನೂರಕ್ಕೆ 90 ಬೇಕಿತ್ತು, ಇವತ್ತು 60 ಸಾಕು ಅಂತ ಇಳಿಸಿದ್ದಾರಂತೆ. ಸಂಜೆ ಮತ್ತೆ ತಿರುಗಿಸುತ್ತಾರೆ. ಅವ್ವನಿಗೆ ಕೌದಿ ಮಾತು ಹೇಳಿದೆ ಅಕ್ಕಾ. ನಾಲ್ಕು ಗಂಟೆಯಿಂದ ಬಾಗಿಲಲ್ಲೇ ನಿಂತಿದ್ದಾಳೆ. ಹೊರಗೆ ಬಂದ ನರ್ಸ್‌ಗೆಲ್ಲ ಒಂದೇ ಪ್ರಶ್ನೆ: "ತಿರುಗಿಸಿದಿರೇನ್ರಿ?"